ಹಿತ್ತಿಲ ಆಸ್ಟರ್

ಬಣ್ಣ ಹಾಕಿದ ಹಸಿ ನೂಲಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕೈಗಳು ತಾವಾಗಿ ಸೆರಗಿನೊಳಗೆ ಹೋಗುತ್ತವೆ. ಬನಹಟ್ಟಿಯ ನಮ್ಮ ಆ ಮನೆ ಈಗಿಲ್ಲ. ಅದರ ಹಿತ್ತಿಲು, ಮಗ್ಗಗಳ ಸಪ್ಪಳ, ಸೋದರತ್ತೆ ನೀಲವ್ವ, ಯಾವುದೂ ಇಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅತ್ತೆಗೆ ತನ್ನದು ಅಂತ ಇದ್ದದ್ದು ಹಿತ್ತಿಲ ಮೂಲೆಯ ಎರಡು ಮಾರು ನೆಲ ಒಂದೇ. ಆ ವರ್ಷ ಮಳೆಗಾಲದಲ್ಲಿ ಅಲ್ಲಿ ಆಸ್ಟರ್ ಹೂವಿನ ಸಸಿ ಹಚ್ಚಿದ್ದಳು. ದಸರೆಯ ಹೊತ್ತಿಗೆ ಮೂಲೆಯೆಲ್ಲ ನೇರಳೆಯಾಗುತ್ತದೆ ಎಂದು ನನಗೂ ಆಸೆ ಹುಟ್ಟಿಸಿದ್ದಳು. ಅಪ್ಪನ ಕಣ್ಣೂ ಅದೇ ಮೂಲೆಯ ಮೇಲಿತ್ತು.

"ಖಂಡೇ ಪೂಜಿಗಿ ಮಗ್ಗಕ್ಕ ಏರಸಾಕ ನಿನ್ನ ಹೂ ಬಂದ್ರ ಜಾಗಾ ನಿಂದು. ಇಲ್ಲಂದ್ರ ಅಲ್ಲಿ ನಾಕನೇ ಮಗ್ಗ ಕುಂಡ್ರಸ್ತೇನಿ" ಅಂದಿದ್ದ ಅಪ್ಪ.

"ಆತು ಅಣ್ಣಾ" ಅಂದಿದ್ದಳು ಅತ್ತೆ.

ದಸರೆಯ ಆ ಆಯುಧಪೂಜೆಗೆ ಆರೇ ದಿನ ಉಳಿದಿತ್ತು. ಮೊಗ್ಗುಗಳೇನೋ ತುಂಬಿದ್ದವು, ಆದರೆ ಎಲ್ಲವೂ ಹಸಿರು. ಅತ್ತೆ ದಿನಕ್ಕೆ ಹತ್ತು ಸಲ ಬಗ್ಗಿ ನೋಡಿ, "ಬಣ್ಣ ಯಾಕ ಬರವಲ್ದು?" ಎಂದು ಗೊಣಗುತ್ತಿದ್ದಳು. ಅವಳ ಚಿಂತೆಗೆ ನನಗೂ ಊಟ ಸೇರುತ್ತಿರಲಿಲ್ಲ. ಬಿಳಿ ನೂಲು ಕಡಾಯಿಗೆ ಇಳಿದು ನೇರಳೆಯಾಗಿ ಮೇಲೆ ಬರುವುದನ್ನು ದಿನವೂ ಕಂಡ ಮಗ್ಗದ ಮನೆಯ ಹುಡುಗಿ ನಾನು; ಬುದ್ಧಿ ಇನ್ನೆಲ್ಲಿಗೆ ಓಡಬೇಕು? ಅಪ್ಪ ನೂಲು ಒಣಹಾಕಲು ಹೋದಾಗ ಕಡಾಯಿಯಲ್ಲಿ ಉಳಿದಿದ್ದ ಬಣ್ಣದ ನೀರನ್ನು ತಂಬಿಗೆಯಿಂದ ಮೊಗೆಮೊಗೆದು ಗಿಡಗಳ ಬುಡಕ್ಕೆ ಸುರಿದೆ. ಅದರಲ್ಲಿ ಉಪ್ಪು, ಸೋಡಾ ಇರುತ್ತದೆ ಎಂದು ಯಾರು ಹೇಳಿದ್ದರು? ಮರುದಿನ ಮುಂಜಾನೆ ಗಿಡಗಳೆಲ್ಲ ಬಾಡಿ ಬಾಗಿದ್ದವು.

ಅತ್ತೆ ಗಿಡ ನೋಡಿದಳು, ನೆಲ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಮೊಣಕೈವರೆಗೆ ನೇರಳೆ. ಅಪ್ಪನ ಚಪ್ಪಲಿ ಸಪ್ಪಳ ಪಡಸಾಲೆ ದಾಟಿ ಬರುತ್ತಿತ್ತು. ಅವಳು ಕಾಲಿನಿಂದ ಒಣಮಣ್ಣು ಎಳೆದು ಬುಡ ಮುಚ್ಚಿದಳು. ನನ್ನನ್ನು ಬಳಿಗೆಳೆದು ಎರಡೂ ಕೈಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದಳು.

"ಏನಾತು?" ಅಂದ ಅಪ್ಪ.

"ನಾನ ಗೊಬ್ಬರ ಹೆಚ್ಚಿಗಿ ಹಾಕಿದ್ನಿ ಅಣ್ಣಾ. ಬೇರು ಸುಟ್ಟು ಹೋದ್ವು."

ಅಪ್ಪ ನನ್ನ ಕಡೆ ತಿರುಗಿದ. "ಇಕಿ ಯಾಕ ನಡಗಾಕತ್ತಾಳ?"

"ಜ್ವರ ಬಂದಾವ."

ನಾನು ಕೈಗಳನ್ನು ಅವಳ ಸೆರಗಿನೊಳಗೆ ಇನ್ನೂ ಆಳಕ್ಕೆ ತೂರಿಸಿದೆ.

ಹಬ್ಬ ಮುಗಿದ ವಾರಕ್ಕೆ ಆ ನೆಲಕ್ಕೆ ಕಾಂಕ್ರೀಟ್ ಬಿತ್ತು, ನಾಲ್ಕನೇ ಮಗ್ಗ ಬಂತು. ಅದಕ್ಕೆ ನೂಲು ಸುತ್ತಿಕೊಡುತ್ತಲೇ ಅತ್ತೆಯ ಉಳಿದ ವಯಸ್ಸು ಹೋಯಿತು. ಮತ್ತೆ ಒಂದು ಗಿಡವನ್ನೂ ಹಚ್ಚಲಿಲ್ಲ. ನನ್ನ ತಪ್ಪನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು. ದೊಡ್ಡವಳಾದ ಮೇಲೆ ಒಮ್ಮೆ ಅವಳ ಮುಂದೆ ಅದನ್ನು ನೆನೆದು ಕಣ್ಣೀರು ಹಾಕಿದೆ. "ಹುಚ್ಚಿ, ಅದನ್ನೇನ್ ಇನ್ನ ಹಿಡ್ಕೊಂಡ್ ಕುಂತಿ" ಎಂದು ತಲೆ ಸವರಿದಳು. ಆದರೆ ಹೇಳಬೇಕಾಗಿದ್ದದ್ದು ಅವಳಿಗಲ್ಲ, ಅಪ್ಪನಿಗೆ, ಅದೂ ಅವತ್ತೇ. ಹೇಳಿದ್ದರೆ ಅವಳ ನೆಲ ಅವಳಿಗೆ ಉಳಿಯುತ್ತಿತ್ತೇನೋ. ಎರಡು ಏಟಿಗೆ ಅಂಜಿ ನಾನು ಸುಮ್ಮನಿದ್ದೆ.