ಹಿತ್ತಲಲ್ಲಿದ್ದ ದೋಣಿ

ಆಗೆಲ್ಲ ನನ್ನ ಬೆಳಗು ಹೀಗೆ ಸಾಗುತ್ತಿತ್ತು: ಹಂಡೆಗೆ ಉರಿ ಹಾಕುವುದು, ದೀಪದ ಬತ್ತಿ ಹೊಸೆಯುವುದು, ರಾಗಿಹಿಟ್ಟು ಜರಡಿ ಹಿಡಿಯುವುದು, ಅಜ್ಜಿಗೆ ಎಲೆಅಡಿಕೆ ಕುಟ್ಟಿಕೊಡುವುದು, ಆಮೇಲೆ ದೋಣಿಗೆ ನೀರು ಹಾಕುವುದು.

ಗಿಡಕ್ಕೆ ಹಾಕುವ ಹಾಗೇ. ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ, ಎರಡು ದಿಮ್ಮಿಗಳ ಮೇಲೆ ಆ ದೋಣಿ ಕೂತಿತ್ತು. ಯಾರೋ ದೊರೆ ಬಿಟ್ಟುಹೋದ ಬಂಗಲೆಯ ಹಿಂದೆ ಅಪ್ಪ ಅದನ್ನು ಮೊದಲು ನೋಡಿದಾಗ ಒಳಗೆ ಕೋಳಿಯೊಂದು ಕಾವಿಗೆ ಕೂತಿತ್ತಂತೆ. ತೇಗದ ಹಲಗೆ, ಚೂಪು ಮೂತಿ, ಹಿಂದುಗಡೆ ತುಕ್ಕು ಹಿಡಿದ ಮೋಟಾರು. ಬಂಗಲೆ ಕಾವಲುಗಾರನಿಗೆ ಸೌದೆಯಾಗುವುದಕ್ಕೆ ಕಾದಿದ್ದ ಸಾಮಾನು. ಅಪ್ಪ ತನ್ನ ಸೈಕಲ್ಲು ಕೊಟ್ಟು ದೋಣಿ ತಂದ. ಆವತ್ತಿನಿಂದ ಬಸ್ಸಿನ ಶೆಡ್ಡಿಗೆ ನಡೆದೇ ಕೆಲಸಕ್ಕೆ ಹೋದ.

"ಎಮ್ಮೆ ತಂದಿದ್ರೆ ಹಾಲಾದ್ರೂ ಕರೀತಿತ್ತು," ಅಂದಳು ಅಮ್ಮ.

"ಸುಮ್ನಿರು ಕಣೆ, ಒಂದಿನ ನೀನೇ ಹತ್ತಿಸ್ಕೊ ಅಂತ ಬತ್ತೀಯ," ಅಂದ ಅಪ್ಪ.

ಅದೇ ಬೇಸಿಗೆ ರಜೆಯಲ್ಲಿ ನಾನು ದೊಡ್ಡವಳಾದೆ. ಎಳ್ಳುಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿದರು, ಆರತಿ ಎತ್ತಿದರು, ಹೊಸ ಲಂಗ ಕೊಟ್ಟರು. ರಜೆ ಮುಗಿದು ಶಾಲೆ ಶುರುವಾದಾಗ ನನ್ನ ಚೀಲ ಮಾತ್ರ ಮೊಳೆಯಲ್ಲೇ ನೇತಾಡುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಹೇಳಿದ್ದು ಒಂದೇ ಮಾತು: "ಓದಿದ್ದು ಸಾಕು ಬುಡು. ಇನ್ಮೇಲೆ ಬೇಲಿ ದಾಟಂಗಿಲ್ಲ." ಅಪ್ಪ ಎದುರಾಡಲಿಲ್ಲ. ಸಂಜೆ ದೋಣಿ ಉಜ್ಜುತ್ತಾ ನನ್ನ ಕಡೆ ನೋಡದೆ ಹೇಳಿದ: "ಇದು ನೀರಿಗಿಳಿದ ದಿನ ಮೊದ್ಲು ಕೂರೋಳು ನೀನೇ ಕಣವ್ವ."

ಆ ಮಾತು ಹಿಡಿದುಕೊಂಡೇ ಮಳೆಗಾಲ ಕಳೆದೆ. ಎದುರುಮನೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಬಿಲ್ಲೆ ಗೆರೆ ಮೇಲೆ ಬಿತ್ತೋ ಇಲ್ಲವೋ ಅಂತ ಅವರ ಜಗಳದಿಂದಲೇ ತಿಳಿಯುತ್ತಿತ್ತು. ನನ್ನ ಪಾಲಿಗೆ ದೋಣಿ. ಅದರೊಳಗೆ ಕೂತು ಅಕ್ಕಿ ಆರಿಸುತ್ತಿದ್ದೆ, ಕಡಲೆಪುರಿ ತಿನ್ನುತ್ತಿದ್ದೆ, ಮುಗಿಸಿದ ಪಾಠವನ್ನೇ ಮತ್ತೆ ಓದುತ್ತಿದ್ದೆ. ತಲೆಯೆತ್ತಿದರೆ ನುಗ್ಗೆಸೊಪ್ಪು, ಅದರ ಮೇಲಿಷ್ಟು ಆಕಾಶ.

ಮರಗೆಲಸದ ಅಂತೋಣಿ ಮಾಮ ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರ ನಮ್ಮ ಹಿತ್ತಲಿಗೇ ಬರುತ್ತಿದ್ದರು. ಹಳೇ ಹಾಸಿಗೆಯ ಅರಳೆಯನ್ನು ಹೊಸೆದು ಹಲಗೆಗಳ ಸಂದಿಗೆ ತುರುಕಿ, ಮೇಲೆ ಎಣ್ಣೆಯಲ್ಲಿ ಕರಗಿಸಿದ ರಾಳ ಬಳಿದರು. ಆ ಘಾಟು ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಶೆಡ್ಡಿನ ಗುಜರಿ ಮೋಟಾರುಗಳಿಂದ ಅಪ್ಪ ಬಿಡಿಭಾಗ ಕೂಡಿಸಿದ. ಬಣ್ಣ ಬಸ್ಸಿಗೆ ಬಳಿದು ಮಿಕ್ಕ ಕೆಂಪು. ಮರ ಒಣಗಿದರೆ ಸಂದಿ ಬಿಡುತ್ತದೆ, ಅದಕ್ಕೇ ದಿನಾ ನೀರು. ತುಂಬಿದ ನೀರು ಹೊರಕ್ಕೆ ಬಿಡಲು ದೋಣಿಯ ತಳದಲ್ಲೊಂದು ತೂತು, ಅದಕ್ಕೆ ತಿರುಗಿಸಿ ಮುಚ್ಚುವ ಹಿತ್ತಾಳೆ ಬಿರಡೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದವಳು ನಾನು.

ಆಯುಧಪೂಜೆ ಬಂತು. ಸ್ಪ್ಯಾನರು, ಉಳಿ, ಸುತ್ತಿಗೆ ಎಲ್ಲ ದೇವರ ಮುಂದೆ ಸೇರಿದವು. ದೋಣಿಗೂ ಚೆಂಡುಹೂವಿನ ಹಾರ ಬಿತ್ತು. ಕುಂಬಳಕಾಯಿ ಒಡೆದದ್ದೂ ಆಯಿತು. ವಿಜಯದಶಮಿಯ ದಿನ ಸಾಮಾನು ಕದಲಿಸಿ, ಮಧ್ಯಾಹ್ನ ದೋಣಿಯನ್ನು ಕುಕ್ಕರಹಳ್ಳಿ ಕೆರೆಗೆ ಒಯ್ಯುವುದೆಂದು ಗೊತ್ತಾಯಿತು. ಊರೆಲ್ಲ ಜಂಬೂಸವಾರಿಗೆ ಹೋಗಿರುತ್ತದೆ, ಕೆರೆ ಕಡೆ ನರಪಿಳ್ಳೆಯೂ ಇರುವುದಿಲ್ಲ, ನನ್ನನ್ನೂ ಕರೆದೊಯ್ಯಬಹುದು ಎಂಬುದು ಅಪ್ಪನ ಲೆಕ್ಕ.

"ಮದ್ವೆಗೆ ಬಂದಿರೋ ಎಣ್ಣ ದೋಣಿ ಮೇಲೆ ಕೂರಿಸ್ತೀಯಾ ಕೆಂಪ?" ಅಂದಳು ಅಜ್ಜಿ. ಅಪ್ಪನ ಮುಖ ಇಳಿಯಿತು. ಅಷ್ಟೇ.

ಮುಳ್ಳುಬೇಲಿ ಬಿಚ್ಚಿದರು. ಎತ್ತಿನಗಾಡಿ ಒಳಗೆ ಬಂತು. ದೋಣಿ ಗಾಡಿ ಹತ್ತಿ, ಹಾರ ಅಲ್ಲಾಡಿಸುತ್ತಾ ಹೊರಟಿತು. ಹಿಂದೆಯೇ ಬೇಲಿ ಮತ್ತೆ ಮುಚ್ಚಿತು. ಅದು ಆಚೆ, ನಾನು ಈಚೆ. ಅಮ್ಮ ಪಕ್ಕದ ಮನೆಯವರ ಜೊತೆ ಸವಾರಿ ನೋಡಲು ಹೋಗಿದ್ದಳು. ನನ್ನ ಕಾವಲಿಗೆ ಅಜ್ಜಿ.

ಅಳು ಬಂದರೂ ಕೈ ಸುಮ್ಮನಿರಲಿಲ್ಲ. ದೇವರ ಮುಂದಿನ ಬಾಡಿದ ಹೂವು ತೆಗೆಯುತ್ತಿದ್ದೆ. ಚೆಂಡುಹೂವಿನ ರಾಶಿಯ ಕೆಳಗೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಬಿರಡೆ ಕೂತಿತ್ತು.

"ಅಜ್ಜೀ, ಇದನ್ನ ಯಾರು ಇಲ್ಲಿಟ್ರು?"

"ನಾನೇ ಮಡಗ್ದೆ ಕಣೆ. ಚಿನ್ನದಂಗೆ ಒಳೀತಿತ್ತು. ಯಾಕೆ?"

"ಇದಿಲ್ದಿದ್ರೆ ದೋಣಿ ಮುಳುಗ್ತದೆ ಅಜ್ಜಿ. ತಳಕ್ಕೆ ಹಲಗೆ ಹೊದಿಸಿದಾರೆ, ತೂತು ಅವರಿಗೆ ಕಾಣಲ್ಲ. ಮಾಮ ಹಾಕಿದಾರೆ ಅಂತ ಅಪ್ಪ, ಅಪ್ಪ ಹಾಕಿದಾನೆ ಅಂತ ಮಾಮ ಅಂದ್ಕೊಂಡಿರ್ತಾರೆ. ಇಬ್ರಿಗೂ ಈಜು ಬರಲ್ಲ."

ಅಜ್ಜಿಯ ಬಾಯಲ್ಲಿನ ಎಲೆಅಡಿಕೆ ನಿಂತಿತು. "ಎಂಗಾರ ಮಾಡಿ ಯಾರನ್ನಾದ್ರೂ ಕಳ್ಸು," ಅಂದಳು. ಬೀದಿಯಲ್ಲಿ ಯಾರಿದ್ದಾರೆ? ಎಲ್ಲ ಆನೆ ನೋಡಲು ಹೋಗಿದ್ದರು. ಜಟಕಾಗಳೂ ಆ ಕಡೆಗೇ. ಬನ್ನಿಮಂಟಪದ ದಿಕ್ಕಿನಿಂದ ವಾದ್ಯದ ಸದ್ದಷ್ಟೇ ತೇಲಿ ಬರುತ್ತಿತ್ತು.

ಅಜ್ಜಿ ನನ್ನನ್ನು ನೋಡಿದಳು, ಬೇಲಿಯನ್ನು ನೋಡಿದಳು. ತನ್ನ ಹಳೇ ಸೀರೆಯೊಂದನ್ನು ನನ್ನ ತಲೆಗೆ ಹೊದಿಸಿದಳು. "ನಂಗೆ ದಾರಿ ತಿಳೀದು. ನಡಿ ಮುಂದೆ."

ಅಜ್ಜಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಕೆರೆ ಏರಿ ಹತ್ತಿದಾಗ ದೋಣಿ ದಡದ ಹತ್ತಿರವೇ ನೀರಲ್ಲಿತ್ತು, ಹಿಂಭಾಗ ತಗ್ಗಿತ್ತು. ಅಪ್ಪ ಊಟದ ಕ್ಯಾರಿಯರಿನ ಡಬ್ಬಿಯಿಂದ, ಅಂತೋಣಿ ಮಾಮ ಟೋಪಿಯಿಂದ ನೀರು ಎರಚುತ್ತಿದ್ದರು.

"ನಿಮ್ಮ ಅರಳೆ ಸೋರ್ತಾ ಇದೆ ಕಣ್ರೀ!"

"ನನ್ನ ಕೆಲಸಕ್ಕೆ ಹೆಸರಿಡಬೇಡಿ ಕೆಂಪಣ್ಣ, ನಿಮ್ಮ ಮೋಟಾರಿನ ತೂಕ ಅದು!"

ನಾನು ಸೊಂಟದವರೆಗೆ ನೀರಿಗಿಳಿದು ಕೈ ಚಾಚಿದೆ. ಅಪ್ಪ ಕುಂಕುಮದ ಬಿರಡೆ ನೋಡಿದ, ದಡದಲ್ಲಿ ಏದುಸಿರು ಬಿಡುತ್ತಿದ್ದ ತಾಯಿಯನ್ನು ನೋಡಿದ. ಹಲಗೆ ಎತ್ತಿ, ನೀರೊಳಗೆ ತಡಕಿ, ಬಿರಡೆ ತಿರುಗಿಸಿದ. ಮಿಕ್ಕ ನೀರನ್ನೆಲ್ಲ ಎರಚಿ ಮುಗಿಸಿದ ಮೇಲೆ ಮೆಲ್ಲಗೆ ಅಂದ: "ಅವ್ವಾ, ಮಗು ಹತ್ಲಾ?"

ಅಜ್ಜಿ ಏರಿಯ ಆ ತುದಿ ಈ ತುದಿ ನೋಡಿದಳು. "ಒಂದೇ ಸುತ್ತು. ಹತ್ಲಿ ಬುಡು."

ಮೋಟಾರು ಕೆಮ್ಮಿ, ಹೊಗೆ ಕಾರಿ, ಹಿಡಿದುಕೊಂಡಿತು. ಪೆಟ್ರೋಲಿನ ವಾಸನೆ, ಮುಖಕ್ಕೆ ತುಂತುರು, ಬೆಳ್ಳಕ್ಕಿಗಳು ಎದ್ದು ಹೋದವು. ಕೆರೆಯ ನಡುವೆ ನಿಂತು ನೋಡಿದರೆ ಅಜ್ಜಿ ಒಂದು ರಾಗಿಕಾಳಿನಷ್ಟು. ಮೇಲೆ ಆಕಾಶ ಮಾತ್ರ ಪೂರ್ತಿ ಇತ್ತು. ಅಪ್ಪ ನನ್ನ ಕೈಯನ್ನು ಚುಕ್ಕಾಣಿಯ ಮೇಲಿಟ್ಟು ತನ್ನ ಕೈ ತೆಗೆದ. ದಡದಿಂದ ಅಜ್ಜಿ ಕೈಬೀಸಿ ಕರೆಯುವುದು ಕಂಡಿತು.

ಮನೆಗೆ ನಡೆದು ಬರುವಾಗ ಧೈರ್ಯ ಮಾಡಿ ಕೇಳಿದೆ. "ಅಜ್ಜಿ, ದಸರಾ ರಜೆ ಮುಗಿದ ಮೇಲೆ ಇಸ್ಕೂಲಿಗೂ ಹೋಗ್ಲಾ?"

"ನಿಮ್ಮಪ್ಪನ ಜೀವ ಅಂತ ಬಂದೆ ಕಣೆ. ಇಸ್ಕೂಲು ಯಾರ ಜೀವ?"

ನನ್ನದು ಅನ್ನಲು ಆಗ ಬಾಯಿ ಬರಲಿಲ್ಲ. ಬೇಲಿಯ ಮುಳ್ಳನ್ನು ಅಜ್ಜಿಯೇ ಸರಿಸಿದಳು, ಒಳಗೆ ಬಂದ ಮೇಲೆ ಅವಳೇ ಕಟ್ಟಿದಳು.

ನನ್ನ ಮದುವೆಯ ವರ್ಷ ದೋಣಿ ಬೇರೆಯವರ ಕೈ ಸೇರಿತು, ಅಪ್ಪ ಮತ್ತೆ ಸೈಕಲ್ಲು ಹತ್ತಿದ. ಹಿತ್ತಲಿದ್ದಲ್ಲಿ ಈಗ ಯಾರದೋ ಮಹಡಿಮನೆ, ನುಗ್ಗೆಮರವಿಲ್ಲ. ಅಪ್ಪನೂ ಇಲ್ಲ, ಅಂತೋಣಿ ಮಾಮನೂ ಇಲ್ಲ. ರಾಳದ ವಾಸನೆ ಎಲ್ಲಾದರೂ ಬಂದರೆ ತಿರುಗಿ ನೋಡುತ್ತೇನೆ. ಕೆರೆ ಏರಿಯ ಮೇಲೆ ಹುಡುಗಿಯರು ಪುಸ್ತಕ ಎದೆಗವಚಿಕೊಂಡು, ತಲೆಗೆ ಏನೂ ಹೊದೆಯದೆ, ಜೋರಾಗಿ ನಗುತ್ತಾ ಕಾಲೇಜಿಗೆ ಹೋಗುತ್ತಾರೆ. ನಾನು ನಿಂತು ಅವರಿಗೆ ದಾರಿ ಬಿಡುತ್ತೇನೆ.

ದೋಣಿ ಹತ್ತಿದ ಆ ವಿಜಯದಶಮಿಯ ರಾತ್ರಿ ಒಬ್ಬಟ್ಟಿನ ಸಾರು, ಅನ್ನ, ಮಿಕ್ಕಿದ್ದ ಎರಡು ಒಬ್ಬಟ್ಟು. ಒಂದನ್ನು ಅಪ್ಪ ನನ್ನ ತಟ್ಟೆಗೆ ಹಾಕಿದ. ಮೊದಲು ನಿದ್ದೆ ಹೋದವಳು ಅಜ್ಜಿ. ದಿನವೂ ಮಲಗುವ ಹಾಗೆ ನನ್ನ ಪಕ್ಕದಲ್ಲೇ, ನಾನು ಎದ್ದರೆ ಎಚ್ಚರವಾಗಲೆಂದು ನನ್ನ ಲಂಗದ ಅಂಚನ್ನು ಬೆನ್ನಿನಡಿ ಸಿಕ್ಕಿಸಿಕೊಂಡು. ಅಂಚು ಇನ್ನೂ ಒದ್ದೆಯಾಗಿತ್ತು.