ಫೈಲ್ ಇಲ್ಲದವರ ದೇಣಿಗೆ

ಯಾರಾದರೂ ದೇಣಿಗೆ ಕೊಡುತ್ತೇನೆಂದರೆ ಸಾಕು, ಕುವೈತಿನ ಮಂಗಫಿನಲ್ಲಿರುವ ಯಶೋಧರಣ್ಣ ಖುಷಿಪಡುವ ಬದಲು ಅನುಮಾನಪಡುತ್ತಾರೆ. ಕೆರೆ ಒತ್ತುವರಿ ಬಿಡಿಸಲು ಹೋಗಿ ಕೇಸು ಹಾಕಿಸಿಕೊಂಡ ತಮ್ಮೂರಿನ ಪಂಚಾಯತ್ ಅಧ್ಯಕ್ಷೆ ಉಮಾವತಿಯವರ ವಕೀಲರ ಖರ್ಚಿಗೆ ಒಂದು ನಿಧಿಯುಂಟು. ಪಂಚಾಯತ್‌ನಿಂದ ಕೆಲಸ ಆಗಬೇಕಾದವರು ಅದಕ್ಕೆ ಕೊಡುವಂತಿಲ್ಲವೆಂಬುದು ನಿಯಮ. ಕುವೈತಿನಲ್ಲಿರುವ ಊರವರನ್ನು ಜಾಲಾಡಿ ದೇಣಿಗೆ ಎತ್ತುವ ಕೆಲಸ ಯಶೋಧರಣ್ಣನ ಪಾಲಿಗೆ ಬಂದಿದೆ. ಕಂಪನಿ ಬಸ್ಸಿನಲ್ಲೂ ಮದುವೆಯೂಟದಲ್ಲೂ ಒಂದೇ ಪ್ರಶ್ನೆ: "ಮಾರಾಯ, ಪಂಚಾಯತ್‌ನಲ್ಲಿ ನಿಂದು ಫೈಲ್ ಉಂಟಾ?" ವಿನೀತನ ಮಾವನದು ಕೋಳಿ ಅಂಗಡಿಯ ಲೈಸನ್ಸ್, "ಖಲಾಸ್, ನಿಂದು ಬೇಡ." ಶೈಲೇಶನದು ನಳ್ಳಿ ನೀರಿನ ಅರ್ಜಿ; "ನಿಂದೂ ಬೇಡ." "ಊರಲ್ಲಿ ಫೈಲ್ ಇಲ್ಲದವ ಯಾರಿದ್ದಾನೆ ಯಶೋಧರಣ್ಣ?" ಎಂದು ಶೈಲೇಶ್ ರೇಗಿದರೆ ಇವರು ದೇಣಿಗೆಯ ಪಟ್ಟಿಯನ್ನು ಮಡಚಿ ಜೇಬಿಗಿಡುತ್ತಾರೆ. ಪಟ್ಟಿಯಲ್ಲಿರುವುದು ಇವರದೊಂದೇ ಹೆಸರು. ಅದಕ್ಕೆಂದೇ, ಊರಿನ ಹೊಸ ಮನೆಗೆ ಡೋರ್ ನಂಬರ್ ಕೇಳಿ ಪಂಚಾಯತಿಗೆ ಹಾಕಿದ್ದ ಅರ್ಜಿಯನ್ನು ಹೋದ ವಾರವಷ್ಟೇ ವಾಪಸ್ ತೆಗೆಸಿದ್ದಾರೆ; ನಂಬರಿಲ್ಲದೆ ಆ ಮನೆಗೆ ಕರೆಂಟೂ ಬರುವುದಿಲ್ಲ.