ಸೂರತ್‌ಗೆ ಕಳಿಸದ ಉತ್ತರ

ಎದುರು ಮನೆಯ ಕಾಕಾನ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಹಮದಾಬಾದಿನ ನರೋಡಾದ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಆಯುಷ್ಯವಿಡೀ ದುಡಿದು ಚರ್ಮ ದಡ್ಡುಗಟ್ಟಿತ್ತು, ಉಗುರಿನ ಸಂದಿಯಲ್ಲಿ ನೀಲಿ ಕೂತುಬಿಟ್ಟಿತ್ತು. ಮೊಬೈಲ್ ಆ ಬೆರಳುಗಳನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಹಾಗಾಗಿ ಎಡಗೈ ಕಿರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. "ನಿಮ್ಮ ತಾಳ್ಮೆ ಎಲ್ಲ ಆ ಕಿರುಬೆರಳಿನ ಪುಣ್ಯ ಕಾಕಾ" ಎಂದು ರೇಗಿಸಿದರೆ, "ಪುಣ್ಯ ಅನಬ್ಯಾಡ ತಂಗಿ, ಸೂರತ್‌ನವರು ಕೇಳಿದ್ರ ವಾದದಾಗ ನಾ ಸೋತೆ ಅಂತಾರ" ಎನ್ನುತ್ತಿದ್ದರು.

ಅವರು ಹೋಗಿ ವರ್ಷ ದಾಟಿತು. ನನಗೆ ಏನೂ ಅನ್ನಿಸಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸುದ್ದಿ ಬಂದ ದಿನವೂ ಬ್ಯಾಂಕಿನ ಕೆಲಸ ಮುಗಿಸಿಯೇ ಮನೆಗೆ ಬಂದೆ. ಎದುರು ಮನೆಯ ಬಾಗಿಲು ಈಗಲೂ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಬಾಗಿಲು ಬಾಗಿಲಿನ ಹಾಗೇ ಕಾಣುತ್ತದೆ.

ನಮ್ಮದು ತುಮಕೂರು ಕಡೆ, ಅವರದು ಧಾರವಾಡ. ನಾನು ವರ್ಗವಾಗಿ ಅಹಮದಾಬಾದಿಗೆ ಬಂದು ಸ್ಯಾಟಲೈಟ್ ಬಡಾವಣೆಯ ಈ ಸೊಸೈಟಿಯಲ್ಲಿ ಮನೆ ಹಿಡಿದಾಗ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಗುಜರಾತಿಗಳೂ ಸೇರಿ. ನಾನೂ ಹಾಗೇ ಕರೆದೆ. ಅವರ ಹೆಂಡತಿ ನನಗೆ ಕಾಕು ಆದರು. ಕಾಕಾ ದೇವರನ್ನು ನಂಬಿದವರಲ್ಲ. ಆದರೆ ಕಾಕುವಿನ ಪೂಜೆಗೆ ದಿನಾ ಬೆಳಿಗ್ಗೆ ಹೂವು ತರುವವರು ಅವರೇ. ಇದೆಂಥ ನಾಸ್ತಿಕತನ ಎಂದು ಕೇಳಿದ್ದೆ. "ಹೂವಿನಾಗ ನಂಬೂದೇನದ? ಆಕಿ ಕೇಳ್ಯಾಳ, ತಂದೀನಿ."

ಗುಜರಾತಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಯುಗಾದಿ ಊಟದ ಸುದ್ದಿಗೆಂದು ಶುರುವಾದ ಗುಂಪು ವಿಜ್ಞಾನ ದೊಡ್ಡದೋ ಧರ್ಮ ದೊಡ್ಡದೋ ಎಂಬ ಕುಸ್ತಿಯ ಅಖಾಡವಾಗಿ ಕೂತಿತ್ತು. ಒಂದು ಕಡೆ ಕಾಕಾ. ಇನ್ನೊಂದು ಕಡೆ ಸೂರತ್‌ನವರು, ಉಡುಪಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ ನಿವೃತ್ತ ವಿಮಾ ಅಧಿಕಾರಿ, ಪಂಚಾಂಗ ನೋಡದೆ ಉಗುರೂ ಕತ್ತರಿಸದವರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗ್ರಹಣ, ವಾಸ್ತು, ಪುನರ್ಜನ್ಮ ಯಾವುದನ್ನೂ ಬಿಡುತ್ತಿರಲಿಲ್ಲ. ಉಳಿದವರು ಮಧ್ಯೆ ಬಾಯಿ ಹಾಕಿ ಹೊಲಸು ಮಾಡಿದರೂ ಇವರಿಬ್ಬರ ನಡುವೆ ಒಂದು ಕೆಟ್ಟ ಮಾತು ಬಂದದ್ದು ನಾನು ಕಾಣೆ. ಕಾಕಾ ಉತ್ತರ ಬರೆದರೆ ಕೂಡಲೇ ಕಳಿಸುತ್ತಿರಲಿಲ್ಲ. ಫೋನು ಮನೆಯಲ್ಲೇ ಬಿಟ್ಟು, ಕೆಳಗಿಳಿದು ಹಾಲು ತಂದು, ಮತ್ತೆ ಓದಿ, ಅರ್ಧ ಅಳಿಸಿ ಕಳಿಸುತ್ತಿದ್ದರು. "ಆಸಿಡ್‌ನಾಗ ನೀರು ಸುರಿದ್ರ ಮುಖಕ್ಕ ಸಿಡೀತದ. ಮೊದಲ ನೀರು ಇಡಬೇಕು, ಆಮ್ಯಾಲೆ ಹನಿ ಹನಿ ಆಸಿಡ್ ಬಿಡಬೇಕು. ಕಾರ್ಖಾನಿಯಾಗ ಮೊದಲ ದಿನ ಕಲಿಸೋ ಪಾಠ ಇದು. ಮಾತಿಗೂ ಅಷ್ಟ."

ಒಂದು ಬೇಸಿಗೆಯಲ್ಲಿ ಸೂರತ್‌ನವರು ಗುಂಪಿನಲ್ಲಿ ಬರೆದರು. ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಬೇಗ ಆಪರೇಷನ್ ಆಗಲಿ ಎಂದಿದ್ದಾರೆ, ಆದರೆ ಕೊಟ್ಟ ದಿನ ಆಷಾಢದಲ್ಲಿ ಬರುತ್ತದೆ, ಶ್ರಾವಣಕ್ಕೆ ನೋಡೋಣವೆಂದಿದ್ದೇನೆ ಎಂದು. ಎಲ್ಲರೂ ಮೇಲೆ ಬಿದ್ದರು. ವಡೋದರಾದ ಅಲ್ಕಾಪುರಿಯಲ್ಲಿ ಆಫೀಸಿರುವ ಇಂಜಿನಿಯರ್ ಒಬ್ಬನಂತೂ ಗಡ್ಡೆಗೂ ಪಂಚಾಂಗ ಓದಲು ಬರುತ್ತದೆಯೇ ಎಂದು ಕೇಳಿದ. ಇನ್ನೊಂದು ಮಾತು ಬಿದ್ದಿದ್ದರೆ ಸೂರತ್‌ನವರು ಗುಂಪೂ ಬಿಡುತ್ತಿದ್ದರು, ಡಾಕ್ಟರನ್ನೂ ಬಿಡುತ್ತಿದ್ದರು.

ಕಾಕಾ ಹಾಲು ತಂದು ಬಂದು ಬರೆದದ್ದು ಇಷ್ಟು: "ಜ್ಯೇಷ್ಠ ಮುಗಿಯೂದರೊಳಗ ಛಲೋ ದಿನ ಯಾವುದದ, ನೀವ ನೋಡಿ ಹೇಳ್ರಿ. ಆ ದಿನಕ್ಕ ಡಾಕ್ಟರಿಗೆ ಕೇಳೋಣು."

ಸೂರತ್‌ನವರು ಒಂದು ಗುರುವಾರ ಹುಡುಕಿದರು. ಡಾಕ್ಟರೂ ಒಪ್ಪಿದರು. ವಿಜ್ಞಾನ ಓದಿದವರು ಮುಹೂರ್ತ ಕೇಳುವುದೇ ಎಂದು ಇಂಜಿನಿಯರ್ ಕಾಕಾನ ಮೇಲೇ ಹರಿಹಾಯ್ದ. "ನಾ ಗೆಲ್ಲೂದು ಬ್ಯಾಡಪಾ, ಆ ತಾಯಿ ಎದ್ದು ಕೂತರ ಸಾಕು" ಎಂದರು.

ಆ ತಾಯಿ ಏಳಲಿಲ್ಲ. ಆಪರೇಷನ್ ಆಯಿತು, ಆಮೇಲೆ ಜ್ವರ ಏರಿತು, ಇಳಿಯಲಿಲ್ಲ. ಸೂರತ್‌ನವರು ಸಾವಿನ ಸುದ್ದಿಯ ಕೆಳಗೇ ಬರೆದರು: "ನಿಮ್ಮ ಮಾತು ಕೇಳಿದೆ. ಈಗ ನಿಮ್ಮ ವಿಜ್ಞಾನ ಏನು ಹೇಳುತ್ತದೆ?"

ಉತ್ತರ ಕಾಕಾನ ಬಳಿ ಇತ್ತು. ಡಾಕ್ಟರೊಂದಿಗೆ ಸ್ವತಃ ಮಾತಾಡಿದ್ದರು. ತಡ ಮಾಡಿದ್ದರೆ ಆಸೆಯೇ ಇರಲಿಲ್ಲವಂತೆ. ಇಡೀ ಗುಂಪು ಕಾದು ಕೂತಿತ್ತು. ಅವರು ಒಂದಕ್ಷರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ರೈಲು ಹತ್ತಿದರು. ಒಬ್ಬರನ್ನೇ ಕಳಿಸಲು ಕಾಕುಗೆ ಧೈರ್ಯವಿರಲಿಲ್ಲ, ನಾನೂ ಜೊತೆಗೆ ಹೋದೆ.

ಸೂರತ್‌ನವರು ಅವರನ್ನು ನೋಡಿದ ಕೂಡಲೇ ಕೂಗಾಡಿದರು. "ನಿಮ್ಮನ್ನು ನಂಬಿ ಕೆಟ್ಟೆ ಮಾರಾಯ್ರೇ! ಇನ್ನೆರಡು ತಿಂಗಳಾದರೂ ಇರ್ತಿದ್ದಳು!" ಮನೆ ತುಂಬ ನೆಂಟರು. ಕಾಕಾ ನೆಲದ ಮೇಲೆ ಕೂತು, "ಹೌದ್ರಿ, ನನ್ನ ಮಾತು ಕೇಳಿದ್ರಿ" ಎಂದರು. ಮಧ್ಯಾಹ್ನದವರೆಗೆ ಹಾಗೇ ಕೂತಿದ್ದು, ಕೈಮುಗಿದು ಎದ್ದು ಬಂದೆವು.

ವಾಪಸು ಬರುವಾಗ ನನಗೇ ತಡೆಯಲಾಗಲಿಲ್ಲ. "ಡಾಕ್ಟರು ಹೇಳಿದ್ದನ್ನ ಹೇಳ್ಬಿಡ್ಬೋದಿತ್ತಲ್ಲ ಕಾಕಾ. ಎಲ್ಲರ ಮುಂದೆ ಬೈಸ್ಕೊಂಡ್ರಿ." ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಅವರು ನನಗ ಪ್ರಶ್ನೆ ಕೇಳಲಿಲ್ಲ ತಂಗಿ. ಅತ್ತರು. ಅಳೋರಿಗೆ ಉತ್ತರ ಕೊಡಬಾರದು."

ಸೂರತ್‌ನವರು ಅದೇ ವಾರ ಗುಂಪು ಬಿಟ್ಟರು. ಕಾಕಾ ಆಮೇಲೆ ಯಾರೊಂದಿಗೂ ವಾದಕ್ಕೆ ಹೋಗಲಿಲ್ಲ. ಆಗಾಗ "ಅವರದೇನರ ಸುದ್ದಿ ಅದ ಏನು?" ಎಂದು ಕೇಳುವರು. ಇಲ್ಲ ಎನ್ನುತ್ತಿದ್ದೆ. ಇಲ್ಲ ಎಂಬುದನ್ನೇ ಕೇಳಿಕೊಂಡು ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ಅವರೇ ಬೇಡವೆಂದಿದ್ದರಿಂದ ಕ್ರಿಯಾಕರ್ಮ ಯಾವುದೂ ನಡೆಯಲಿಲ್ಲ. ಕಾಕು ಎದುರು ಮಾತಾಡಲಿಲ್ಲ.

ಈ ಸಲ ಪಿತೃಪಕ್ಷದಲ್ಲಿ ನನ್ನ ಫೋನಿಗೆ ಸೂರತ್‌ನಿಂದ ಮೆಸೇಜು ಬಂತು. "ಅವರು ಹೋದದ್ದು ತಿಳಿದಿತ್ತು. ಪಿತೃಪಕ್ಷದ ತರ್ಪಣಕ್ಕೆ ವರ್ಷ ಕಳೆಯಬೇಕಲ್ಲ, ಅದಕ್ಕೇ ಕಾದೆ. ಅವತ್ತು ನನ್ನ ಮನೆಯಲ್ಲಿ ಅವರು ಸುಮ್ಮನಿದ್ದದ್ದು ಏಕೆಂದು ಈಗ ಅರ್ಥವಾಗಿದೆ. ನನ್ನ ಹೆಂಡತಿಗೆ ತರ್ಪಣ ಕೊಡುವಾಗ ಆಪ್ತರ ಸಾಲಿನಲ್ಲಿ ಅವರಿಗೂ ಕೊಡಲೇ? ಅವರಿಗೆ ನಂಬಿಕೆ ಇರಲಿಲ್ಲ. ಅವರ ಮನೆಯವರನ್ನು ಕೇಳಿ ತಿಳಿಸಿ."

ಎದುರು ಮನೆಗೆ ಹೋಗಿ ಓದಿ ಹೇಳಿದೆ. ಕಾಕು ಇನ್ನೊಮ್ಮೆ ಓದಿಸಿಕೊಂಡರು. "ಇವರು ಬ್ಯಾಡ ಅಂದಿದ್ರಂತ ನಾ ಒಂದು ದೀಪಾನೂ ಹಚ್ಚಲಿಲ್ಲ. ಇದ್ದಿದ್ರ ಏನಂತಿದ್ರು, ಹೇಳು."

"'ನಿಮಗ ಸಮಾಧಾನ ಆಗ್ತದೇನ್ರಿ' ಅಂತ ಕೇಳ್ತಿದ್ರು ಕಾಕು."

ಅದನ್ನೇ ಬರೆದು ಕಳಿಸಿದೆ. ಆಗುತ್ತದೆ ಎಂದು ಉತ್ತರ ಬಂತು. ಹಾಗಾದರೆ ಕೊಡಿ ಎಂದೆ. ಗೋತ್ರ, ಪೂರ್ತಿ ಹೆಸರು ಬೇಕಿತ್ತು ಎಂದರು.

ಕಾಕು ಗೋತ್ರ ಹೇಳಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ, ಮದುವೆಯಾದಾಗಿನಿಂದ 'ಇವರು' ಎಂದಷ್ಟೇ ಕರೆದಿದ್ದ ಗಂಡನ ಹೆಸರನ್ನು ಮೆಲ್ಲಗೆ, ಪೂರ್ತಿಯಾಗಿ ಹೇಳಿದರು. ಬರೆದುಕೊಳ್ಳುತ್ತಿದ್ದ ನನಗೆ ಆಗ ಅಳು ಬಂತು.